ನ್ಯೂ ಕ್ಯಾಲೆಡೋನಿಯಾದಲ್ಲಿ ರಜೆ ಕಳೆಯುವ ಬಗೆ: ಕಲಬುರಗಿ ಸೀಮೆಯವರಿಗೊಂದು ಕೈಪಿಡಿ

ಫ್ರಾನ್ಸಿನ ಆಡಳಿತಕ್ಕೆ ಒಳಪಟ್ಟ ನ್ಯೂ ಕ್ಯಾಲೆಡೋನಿಯಾ ದ್ವೀಪಸಮೂಹಕ್ಕೆ ಹೋಗಬೇಕೆನ್ನುವವರು ವಿಮಾನದ ಟಿಕೆಟ್ಟಿನ ಬೆಲೆ ನೋಡುವ ಮೊದಲು ಒಂದು ಪದವನ್ನು ಕಲಿಯಬೇಕು. ಆ ಪದ 'ಕುತ್ಯೂಮ್'. ಫ್ರೆಂಚಿನಲ್ಲಿ ಅದರ ಅರ್ಥ ಪದ್ಧತಿ ಎಂದಷ್ಟೇ ಆದರೂ, ಅಲ್ಲಿಯ ಮೂಲನಿವಾಸಿಗಳಾದ ಕನಕ್ ಜನರ ಬಾಯಲ್ಲಿ ಅದು ಒಂದು ನಿರ್ದಿಷ್ಟ ಆಚರಣೆಯ ಹೆಸರು. ಇನ್ನೊಬ್ಬರ ಊರಿಗೆ ಕಾಲಿಡುವಾಗ ಒಂದು ತುಂಡು ಬಟ್ಟೆ, ಅದರ ಮೇಲೊಂದು ನೋಟು, ಕೆಲವೊಮ್ಮೆ ಸ್ವಲ್ಪ ತಂಬಾಕು ಇಟ್ಟು, ತಾನು ಯಾರು, ಎಲ್ಲಿಂದ ಬಂದೆ, ಏಕೆ ಬಂದೆ ಎಂಬುದನ್ನು ಎರಡು ಮಾತಿನಲ್ಲಿ ತಿಳಿಸಿ ಅನುಮತಿ ಕೇಳುವುದೇ ಆ ಆಚರಣೆ. ಇದನ್ನು ಪ್ರವೇಶ ಶುಲ್ಕವೆಂದು ತಿಳಿದು ಕೊಡುವ ಪ್ರವಾಸಿಗರು ಬಹಳ. ನಮ್ಮ ಸೀಮೆಯವರು ಹಾಗೆ ತಿಳಿಯಬೇಕಾದ ಕಾರಣವಿಲ್ಲ, ಏಕೆಂದರೆ ಮದುವೆ ಮನೆಯಲ್ಲಿ ಆಯೇರಿ ಮಾಡುವಾಗ ಖಣದ ಬೆಲೆಯನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಕೈಗೆ ಕೈ ತಾಗಿಸಿ ಕೊಟ್ಟೆವೋ, ಹೆಸರು ಹೇಳಿ ಕೊಟ್ಟೆವೋ ಎಂಬುದನ್ನೇ ನೋಡುತ್ತಾರೆ. ಬಂದೇನವಾಜರ ದರ್ಗಾಕ್ಕೆ ಚಾದರ ಒಯ್ಯುವವರಿಗೂ ಇದು ಗೊತ್ತಿರುವ ವಿಷಯವೇ. ನ್ಯೂ ಕ್ಯಾಲೆಡೋನಿಯಾದ ಪ್ರವಾಸವನ್ನು ಹೋಟೆಲಿನ ಸುತ್ತ ಕಟ್ಟದೆ ಈ ಆಚರಣೆಯ ಸುತ್ತ ಕಟ್ಟಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಮುಂದಿನ ಸಲಹೆಗಳೆಲ್ಲ ಅದನ್ನು ಆಧರಿಸಿಯೇ ಇವೆ.

ಈ ದ್ವೀಪಸಮೂಹ ಆಸ್ಟ್ರೇಲಿಯಾದ ಪೂರ್ವಕ್ಕೆ, ನೈಋತ್ಯ ಪೆಸಿಫಿಕ್ ಸಾಗರದಲ್ಲಿದೆ. ಇದರ ಮುಖ್ಯ ದ್ವೀಪವಾದ ಗ್ರಾಂದ್ ತೆರ್ ಸುಮಾರು 400 ಕಿಲೋಮೀಟರ್ ಉದ್ದವಿದ್ದು, ಬೀದರಿನಿಂದ ಕಲಬುರಗಿ, ಯಾದಗಿರಿ, ರಾಯಚೂರು ದಾಟಿ ಬಳ್ಳಾರಿ ಮುಟ್ಟುವಷ್ಟು ದೂರ ಚಾಚಿಕೊಂಡಿದೆ. ಅಗಲ ಮಾತ್ರ 50ರಿಂದ 70 ಕಿಲೋಮೀಟರ್. ಇದರ ಪೂರ್ವಕ್ಕೆ ಲಿಫೂ, ಮಾರೆ, ಉವೆಯಾ ಮುಂತಾದ ಲಾಯಲ್ಟಿ ದ್ವೀಪಗಳಿವೆ, ದಕ್ಷಿಣಕ್ಕೆ ಪೈನ್ ದ್ವೀಪವಿದೆ. ರಾಜಧಾನಿ ನೂಮೆಯಾ. ಇಡೀ ನಾಡಿನ ಜನಸಂಖ್ಯೆ 2019ರ ಗಣತಿಯಲ್ಲಿ ಸುಮಾರು 2,71,000 ಇತ್ತು, ಅಂದರೆ ಕಲಬುರಗಿ ನಗರದ ಜನಸಂಖ್ಯೆಯ ಸುಮಾರು ಅರ್ಧದಷ್ಟು. ಅವರಲ್ಲಿ ಕನಕರು ನೂರಕ್ಕೆ 41ರಷ್ಟು, ಯುರೋಪ್ ಮೂಲದವರು ಸುಮಾರು 24ರಷ್ಟು. ಇಷ್ಟು ಸಣ್ಣ ಸಮುದಾಯದಲ್ಲಿ ಫ್ರೆಂಚಿನ ಜೊತೆಗೆ ಸುಮಾರು 28 ಕನಕ್ ಭಾಷೆಗಳು ಬದುಕಿವೆ. ಒಂದೇ ಓಣಿಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಕೇಳಿ ಬೆಳೆದವರಿಗೆ ಇದರಲ್ಲಿ ಅಚ್ಚರಿಗಿಂತ ಸಲಿಗೆಯೇ ಹೆಚ್ಚು ಕಾಣಬಹುದು.

ಚರಿತ್ರೆಯ ಸ್ವಲ್ಪ ತಿಳಿವಳಿಕೆ ಇಲ್ಲದೆ ಅಲ್ಲಿ ಏನನ್ನು ನೋಡಿದರೂ ಅರ್ಧವೇ ಕಂಡಂತಾಗುತ್ತದೆ. ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್ 1774ರಲ್ಲಿ ಬಂದು ಈಗಿನ ಹೆಸರಿಟ್ಟನು. 1853ರಲ್ಲಿ ಫ್ರಾನ್ಸ್ ಈ ನೆಲವನ್ನು ತನ್ನದೆಂದು ಸಾರಿತು, 1864ರಿಂದ 1897ರವರೆಗೆ ಹಡಗುಗಟ್ಟಲೆ ಕೈದಿಗಳನ್ನು ಇಲ್ಲಿಗೆ ಸಾಗಿಸಿತು. 1871ರಲ್ಲಿ ಸರ್ಕಾರದ ವಿರುದ್ಧ ಎದ್ದ ಪ್ಯಾರಿಸ್ ಕಮ್ಯೂನ್ ಎಂಬ ಬಂಡಾಯದಲ್ಲಿ ಭಾಗವಹಿಸಿದ ಸಾವಿರಾರು ಜನರನ್ನೂ, ಅದೇ ವರ್ಷ ಅಲ್ಜೀರಿಯಾದಲ್ಲಿ ದಂಗೆಯೆದ್ದವರನ್ನೂ ಗಡಿಪಾರು ಮಾಡಿದ್ದು ಇಲ್ಲಿಗೇ. ಗಣಿಗಳಲ್ಲಿ ದುಡಿಯಲು ಜಾವಾದಿಂದಲೂ ವಿಯೆಟ್ನಾಮಿನಿಂದಲೂ ಕೂಲಿಗಳು ಬಂದರು. ಈ ಅವಧಿಯಲ್ಲಿ ಕನಕರು ಫಲವತ್ತಾದ ಭೂಮಿಯನ್ನು ಕಳೆದುಕೊಂಡು, ಗೊತ್ತುಮಾಡಿದ ಪ್ರದೇಶಗಳಿಗೆ ತಳ್ಳಲ್ಪಟ್ಟರು. ನಾಡಿನ ಭವಿಷ್ಯದ ಬಗ್ಗೆ ಫ್ರಾನ್ಸಿನೊಡನೆ ಆದ 1988ರ ಮಾತಿನ್ಯೋಂ ಒಪ್ಪಂದ, 1998ರ ನೂಮೆಯಾ ಒಪ್ಪಂದ, ಮತ್ತು 2018, 2020, 2021ರಲ್ಲಿ ಸ್ವಾತಂತ್ರ್ಯದ ಬಗ್ಗೆ ನಡೆದ ಮೂರು ಜನಮತಗಣನೆಗಳೆಲ್ಲ ಆ ಗಾಯದ ಮುಂದುವರಿಕೆಯೇ ಆಗಿವೆ. ನಮ್ಮ ಸಂವಿಧಾನದಲ್ಲಿ ಕಲ್ಯಾಣ ಕರ್ನಾಟಕಕ್ಕೆ 371(ಜೆ) ವಿಧಿ ಇರುವಂತೆ ಫ್ರಾನ್ಸಿನ ಸಂವಿಧಾನದಲ್ಲಿಯೂ ನ್ಯೂ ಕ್ಯಾಲೆಡೋನಿಯಾಕ್ಕೆಂದೇ ಒಂದು ಪ್ರತ್ಯೇಕ ಅಧ್ಯಾಯವಿದೆ, ಮತ್ತು ಸ್ಥಳೀಯರಿಗೆ ಉದ್ಯೋಗದಲ್ಲಿ ಆದ್ಯತೆ ಎಂಬ ಮಾತು ಅಲ್ಲಿಯೂ ಬಿಸಿಯಾದ ವಿಷಯ. ಎರಡರ ಹಿನ್ನೆಲೆ ಬೇರೆ ಬೇರೆಯಾದರೂ ಈ ಹೋಲಿಕೆ ಮನಸ್ಸಿನಲ್ಲಿದ್ದರೆ ಅಲ್ಲಿಯವರ ಮಾತು ಬೇಗ ಅರ್ಥವಾಗುತ್ತದೆ. ಮತದಾರರ ಪಟ್ಟಿಯ ತಿದ್ದುಪಡಿಯ ವಿಷಯದಲ್ಲಿ 2024ರ ಮೇ ತಿಂಗಳಲ್ಲಿ ದೊಡ್ಡ ಗಲಭೆ ನಡೆದು, ಜೀವಹಾನಿಯಾಗಿ, ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೇ ಕೆಲವು ವಾರ ಮುಚ್ಚಿತ್ತು. ಆದ್ದರಿಂದ ಹೊರಡುವ ತಿಂಗಳಲ್ಲಿ ಭಾರತದ ವಿದೇಶಾಂಗ ಇಲಾಖೆಯ ಸೂಚನೆಗಳನ್ನು ಓದಿಕೊಳ್ಳಬೇಕು, ಮುಂಗಡ ಹಣ ಮರಳಿ ಬರುವಂಥ ಬುಕಿಂಗನ್ನೇ ಆರಿಸಿಕೊಳ್ಳಬೇಕು. ಅಲ್ಲಿಗೆ ಹೋದ ಮೇಲೆ ಈ ರಾಜಕೀಯದ ಬಗ್ಗೆ ಕೇಳಿದರೆ ಕೇಳಿಸಿಕೊಳ್ಳುವುದು ಲೇಸು, ತೀರ್ಪು ಕೊಡುವುದು ಬೇಡ.

ವೀಸಾದ ವಿಷಯದಲ್ಲಿ ಎಡವುವವರು ಹೆಚ್ಚು. ಇಲ್ಲಿಯ ಒಬ್ಬ ಏಜೆಂಟರು ಫ್ರಾನ್ಸಿನ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ವೀಸಾ, ಇದ್ದರೆ ಸಾಕು ಎಂದು ನನಗೆ ಗಟ್ಟಿಯಾಗಿಯೇ ಹೇಳಿದ್ದರು. ಅದು ತಪ್ಪು. ನ್ಯೂ ಕ್ಯಾಲೆಡೋನಿಯಾ ಫ್ರಾನ್ಸಿನದಾದರೂ ಷೆಂಗೆನ್ ವಲಯದ ಭಾಗವಲ್ಲ. ಸಾಮಾನ್ಯವಾದ ಅಲ್ಪಾವಧಿ ಷೆಂಗೆನ್ ವೀಸಾ ಅಲ್ಲಿ ತಾನಾಗಿಯೇ ನಡೆಯುವುದಿಲ್ಲ. ಫ್ರಾನ್ಸಿನ ಸರ್ಕಾರಿ ವೀಸಾ ಜಾಲತಾಣದಲ್ಲಿ ಅರ್ಜಿ ತುಂಬುವಾಗ ಹೋಗುವ ಸ್ಥಳವೆಂದು ನ್ಯೂ ಕ್ಯಾಲೆಡೋನಿಯಾವನ್ನೇ ಆರಿಸಬೇಕು, ಆಮೇಲೆ ಬೆಂಗಳೂರು ಅಥವಾ ಹೈದರಾಬಾದಿನ ವೀಸಾ ಅರ್ಜಿ ಕೇಂದ್ರಕ್ಕೆ ಖುದ್ದಾಗಿ ಹೋಗಿ ಬೆರಳಚ್ಚು ಕೊಡಬೇಕು. ಕೈಗೆ ಬಂದ ವೀಸಾ ಚೀಟಿಯ ಮೇಲೆ ಆ ನಾಡಿನ ಹೆಸರು ಇದೆಯೇ ಎಂಬುದನ್ನು ಕೇಂದ್ರದ ಬಾಗಿಲಲ್ಲಿಯೇ ನೋಡಿಕೊಳ್ಳುವುದು ಒಳ್ಳೆಯದು. ಇದಲ್ಲದೆ ಸಿಡ್ನಿ ಅಥವಾ ಬ್ರಿಸ್ಬೇನ್ ಮೂಲಕ ಹೋಗುವುದಾದರೆ, ನಡುವೆ ವಿಮಾನ ಬದಲಿಸುವುದಕ್ಕಷ್ಟೇ ಇಳಿದರೂ, ಭಾರತೀಯ ಪಾಸ್‌ಪೋರ್ಟಿನವರಿಗೆ ಆಸ್ಟ್ರೇಲಿಯಾದ ಟ್ರಾನ್ಸಿಟ್ ವೀಸಾ ಬೇಕು. ಅದಕ್ಕೆ ಶುಲ್ಕವಿಲ್ಲ, ಆದರೆ ಮೊದಲೇ ಪಡೆದಿರಬೇಕು.

ದಾರಿಯ ಬಗ್ಗೆ ಹೇಳುವುದಾದರೆ, ಬೆಂಗಳೂರಿನಿಂದ ಸಿಡ್ನಿಗೆ ನೇರ ವಿಮಾನವಿದೆ, ಸಿಡ್ನಿಯಿಂದ ನೂಮೆಯಾಕ್ಕೆ ಸುಮಾರು ಮೂರು ಗಂಟೆಯ ಹಾರಾಟ. ಬೀದರಿನವರು ಹೈದರಾಬಾದಿನಿಂದ ಸಿಂಗಪುರದ ಕಡೆಗೆ ಹೊರಡುವ ದಾರಿಯನ್ನೂ ಬೆಲೆಯಲ್ಲಿ ಹೋಲಿಸಿ ನೋಡಬಹುದು. ಕಲಬುರಗಿಯಿಂದ ಬೆಂಗಳೂರಿಗೆ ರಾತ್ರಿ ರೈಲು ಹಿಡಿಯುವವರು ಅದೇ ದಿನದ ವಿಮಾನವನ್ನು ನಂಬಿಕೊಳ್ಳದೆ ಒಂದು ದಿನ ಮುಂಚೆ ಹೊರಡಲಿ. ನೂಮೆಯಾದ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಮುಂದಿರುತ್ತದೆ.

ಹೋಗುವ ಕಾಲವನ್ನು ನಮ್ಮ ಬೇಸಿಗೆ ನೋಡಿ ಗೊತ್ತುಮಾಡಬಾರದು. ಅಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಸೆಖೆ, ಮಳೆ ಮತ್ತು ಚಂಡಮಾರುತದ ಕಾಲ; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಂಪು. ನಲವತ್ತೆರಡು ಡಿಗ್ರಿಯ ಬಿಸಿಲು ತಪ್ಪಿಸಿಕೊಳ್ಳಲು ಏಪ್ರಿಲ್ ಆರಂಭದಲ್ಲಿಯೇ ಓಡಿಹೋದರೆ ಅಲ್ಲಿ ಮಳೆಯೇ ಸ್ವಾಗತಿಸೀತು. ಮಕ್ಕಳ ಶಾಲೆಯ ಲೆಕ್ಕವನ್ನೂ ಹಿಡಿದರೆ ನಮಗೆ ಅತ್ಯಂತ ಅನುಕೂಲವಾದುದು ದಸರೆಯ ರಜೆ, ಏಕೆಂದರೆ ಅಕ್ಟೋಬರಿನಲ್ಲಿ ಬಿಸಿಲು ಹಿತವಾಗಿರುತ್ತದೆ, ಸಮುದ್ರದ ನೀರು ಬೆಚ್ಚಗಾಗತೊಡಗಿರುತ್ತದೆ. ಅದು ಆಗದಿದ್ದರೆ ಮೇ ತಿಂಗಳ ಕೊನೆ ಪರವಾಗಿಲ್ಲ. ತಿಮಿಂಗಿಲ ನೋಡಲೇಬೇಕೆಂಬ ಆಸೆಯುಳ್ಳವರು ಮಾತ್ರ ಜುಲೈನಿಂದ ಸೆಪ್ಟೆಂಬರ್ ನಡುವೆ ಹೋಗಬೇಕು. ಆಗ ಅವು ಮರಿ ಹಾಕಲು ದಕ್ಷಿಣದ ಕಡಲಿಗೆ ಬರುತ್ತವೆ.

ಹಣ ಪೆಸಿಫಿಕ್ ಫ್ರಾಂಕ್. ಅದನ್ನು ಯುರೋಗೆ ಕಟ್ಟಿಹಾಕಿರುವುದರಿಂದ ಲೆಕ್ಕ ಸುಲಭ: 1,000 ಫ್ರಾಂಕಿಗೆ 8.38 ಯುರೋ, ಎಂದೆಂದಿಗೂ. ನಮ್ಮ ಲೆಕ್ಕದಲ್ಲಿ ಒಂದು ಫ್ರಾಂಕ್ ಒಂದು ರೂಪಾಯಿಗಿಂತ ತುಸು ಕಡಿಮೆ. ಆದರೆ ಬೆಲೆಗಳು ಫ್ರಾನ್ಸಿಗಿಂತಲೂ ಮೇಲಿರುತ್ತವೆ, ಹೆಚ್ಚಿನ ಸಾಮಾನು ಹಡಗಿನಿಂದಲೇ ಬರಬೇಕಾದುದರಿಂದ. ಯುರೋ ಒಯ್ದು ಅಲ್ಲಿ ಬದಲಿಸಿಕೊಳ್ಳಬಹುದು. ಟಿಪ್ಸ್ ಕೊಡುವ ರೂಢಿ ಅಲ್ಲಿಲ್ಲ. ನೂಮೆಯಾದಲ್ಲಿ ಕಾರ್ಡ್ ನಡೆಯುತ್ತದೆ. ಹೊರ ದ್ವೀಪಗಳಲ್ಲಿ ಎಟಿಎಂ ಅಪರೂಪ, ಆದ್ದರಿಂದ 500 ಮತ್ತು 1,000 ಫ್ರಾಂಕಿನ ನೋಟುಗಳನ್ನು ಸಾಕಷ್ಟು ಇಟ್ಟುಕೊಳ್ಳಬೇಕು. ಕುತ್ಯೂಮ್‌ಗೆ ಬೇಕಾಗುವುದೂ ಇವೇ ನೋಟುಗಳು.

ಚೀಲ ಕಟ್ಟುವಾಗ ನಮ್ಮವರು ಮೊದಲು ಕೇಳುವುದು ರೊಟ್ಟಿಯ ವಿಷಯ. ಖಡಕ್ ಜೋಳದ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲವೆಂಬುದು ನಿಜ, ಆದರೆ ಆ ದ್ವೀಪಗಳ ಗಿಡಮರಗಳಲ್ಲಿ ಬಹುಪಾಲು ಜಗತ್ತಿನ ಬೇರೆಲ್ಲಿಯೂ ಇಲ್ಲದವಾದ್ದರಿಂದ ಹೊರಗಿನ ಬೀಜ, ಕೀಟ, ರೋಗಗಳ ಬಗ್ಗೆ ಅಲ್ಲಿಯ ತಪಾಸಣೆ ಬಹಳ ಬಿಗಿ. ಹಸಿ ಹಣ್ಣು, ತರಕಾರಿ, ಜೇನುತುಪ್ಪ, ಮಾಂಸ, ಮೊಳೆಯುವಂಥ ಕಾಳು ಒಯ್ಯಲೇಬಾರದು. ತೊಗರಿಯ ನಾಡಿನವರೆಂಬ ಅಭಿಮಾನಕ್ಕೆ ಇಡೀ ತೊಗರಿ ಕಟ್ಟಿಕೊಂಡು ಹೋದರೆ ಅದು ವಿಮಾನ ನಿಲ್ದಾಣದ ಕಸದ ಡಬ್ಬಿಗೆ ಸೇರುತ್ತದೆ. ಬೇಯಿಸಿದ, ಹುರಿದ ಪದಾರ್ಥಗಳಾದ ರೊಟ್ಟಿ, ಶೇಂಗಾ ಹಿಂಡಿಗಳನ್ನೂ ಘೋಷಣಾ ಪತ್ರದಲ್ಲಿ ಬರೆದು ಅಧಿಕಾರಿಗೆ ತೋರಿಸಬೇಕು. ಬಚ್ಚಿಟ್ಟು ಸಿಕ್ಕಿಬೀಳುವುದಕ್ಕಿಂತ ತೋರಿಸಿ ಕಳೆದುಕೊಳ್ಳುವುದು ಅಗ್ಗ. ಫ್ರಾನ್ಸಿನಲ್ಲಿರುವಂಥ ದುಂಡು ಕಡ್ಡಿಯ ಪ್ಲಗ್ಗಿಗೆ ಹೊಂದುವ ಅಡಾಪ್ಟರ್, ಸೊಳ್ಳೆಗೆ ಹಚ್ಚುವ ಮುಲಾಮು ಮರೆಯಬಾರದು. ಮಲೇರಿಯಾ ಅಲ್ಲಿಲ್ಲ, ಡೆಂಗೆ ಇದೆ.

ಇಳಿಯುವುದು ತೊಂತೂತಾ ನಿಲ್ದಾಣದಲ್ಲಿ, ಅಲ್ಲಿಂದ ನೂಮೆಯಾ ಸುಮಾರು 50 ಕಿಲೋಮೀಟರ್. ನಗರಕ್ಕೆ ಎರಡು ದಿನ ಸಾಕು. ಅಂಗಡಿ, ಬೇಕರಿ, ದೋಣಿಕಟ್ಟೆ, ತೆಂಗಿನ ಮರಗಳ ಚೌಕ ಎಲ್ಲವೂ ಫ್ರಾನ್ಸಿನ ಯಾವುದೋ ಕಡಲೂರಿನಂತಿದ್ದು, ಅದರ ಪಕ್ಕದಲ್ಲಿಯೇ ದೋನ್ಯಾಂಬೋ ನಿಕ್ಕಲ್ ಕಾರ್ಖಾನೆಯ ಹೊಗೆಗೊಳವೆಗಳು ನಿಂತಿವೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳನ್ನು ಕಂಡವರಿಗೆ ಗುಡ್ಡ ಅಗೆದು ಕೆಂಪಾದ ಅಲ್ಲಿಯ ನೆಲ ಹೊಸ ನೋಟವೆನಿಸದು. ಪೋರ್ ಮೊಸೆಲ್ ಮಾರುಕಟ್ಟೆಗೆ ಬೆಳಗ್ಗೆ ಬೇಗ ಹೋಗಬೇಕು, ಮಧ್ಯಾಹ್ನಕ್ಕೆ ಮೊದಲೇ ಅದು ಮುಚ್ಚುತ್ತದೆ. 'ಮಾನೂ' ಎಂದು ಕರೆಯುವ, ದೊಡ್ಡ ಹೂವಿನ ಅಚ್ಚಿನ ಬಟ್ಟೆಯನ್ನು ನಗರದಲ್ಲಿಯೇ ಕೊಂಡಿಟ್ಟುಕೊಳ್ಳಬೇಕು. ನೀವು ತಂಗಲಿರುವ ಕನಕ್ ಊರುಗಳ ಸಂಖ್ಯೆಗಿಂತ ಎರಡು ಹೆಚ್ಚೇ ಇರಲಿ.

ನಗರದಲ್ಲಿ ಏನು ಬಿಟ್ಟರೂ ಚಿಬಾವೂ ಸಾಂಸ್ಕೃತಿಕ ಕೇಂದ್ರವನ್ನು ಬಿಡಬಾರದು. ಇಟಲಿಯ ವಾಸ್ತುಶಿಲ್ಪಿ ರೆಂಜೊ ಪಿಯಾನೊ ವಿನ್ಯಾಸ ಮಾಡಿ 1998ರಲ್ಲಿ ತೆರೆದ ಈ ಕೇಂದ್ರದಲ್ಲಿ, ಕನಕರ ಗುಡಿಸಲಿನ ಆಕಾರವನ್ನು ಅನುಸರಿಸಿದ, ಮರದ ಪಟ್ಟಿಗಳಿಂದ ಕಟ್ಟಿದ ಹತ್ತು ಎತ್ತರದ ಕಟ್ಟಡಗಳಿವೆ. ಅವು ಪೂರ್ತಿ ಮುಗಿಯದೆ ಅರ್ಧಕ್ಕೆ ನಿಂತಂತೆ ಕಾಣುವುದು ಉದ್ದೇಶಪೂರ್ವಕ. ಕನಕ್ ನಾಯಕ ಝಾಂ-ಮರಿ ಚಿಬಾವೂ 1989ರ ಮೇ 4ರಂದು ಉವೆಯಾ ದ್ವೀಪದಲ್ಲಿ ಹತರಾದರು. ಕೇಂದ್ರಕ್ಕೆ ಅವರ ಹೆಸರಿದೆ. ಹೊರಗಿನ 'ಕನಕ್ ದಾರಿ'ಯಲ್ಲಿ ನಡೆಯುತ್ತ ಹೋದರೆ ಕನಕರು ಮೊದಲ ಮನುಷ್ಯನೆಂದು ನಂಬುವ ತೆಯಾ ಕನಕೆಯ ಕಥೆಯನ್ನು ಗಿಡಗಳೇ ಹೇಳುತ್ತವೆ: ಹೆಗ್ಗೆಣಸು, ಕೆಸು, ಅರೌಕೇರಿಯಾ ಮರ. ಇಲ್ಲಿ ಅರ್ಧ ದಿನ ಕಳೆದವರಿಗೆ ಮುಂದೆ ಊರುಗಳಲ್ಲಿ ಕಾಣುವ ದುಂಡು ಗುಡಿಸಲು, ತಗ್ಗಾದ ಬಾಗಿಲು, ಚಾವಣಿಯ ತುದಿಯ ಕೆತ್ತನೆ ಎಲ್ಲವೂ ಓದಬಲ್ಲ ಅಕ್ಷರಗಳಾಗುತ್ತವೆ.

ಇನ್ನು ಕನಕ್ ಊರಿನಲ್ಲಿ ತಂಗುವ ಬಗೆ. ಫ್ರೆಂಚರು ಈ ಊರುಗಳನ್ನು 'ತ್ರಿಬ್ಯು' ಎನ್ನುತ್ತಾರೆ, ಮತ್ತು ಅನೇಕ ಕುಟುಂಬಗಳು ತಮ್ಮ ಹಿತ್ತಲಿನ ಗುಡಿಸಲಿನಲ್ಲಿ ಅತಿಥಿಗಳಿಗೆ ಜಾಗ ಕೊಡುತ್ತವೆ. ಫೋನಿನಲ್ಲಿ ಮೊದಲೇ ತಿಳಿಸಿ ಹೋಗಬೇಕು. ಹೇಳದೆ ಕೇಳದೆ ಗಾಡಿ ನಿಲ್ಲಿಸಿ ಒಳಗೆ ನುಗ್ಗುವುದು ತಪ್ಪು. ಮುಟ್ಟಿದ ಮೇಲೆ, ಚೀಲ ಇಳಿಸುವ ಮೊದಲೇ, ಮನೆಯ ಹಿರಿಯರ ಮುಂದೆ ನಿಂತು ಟೊಪ್ಪಿಗೆ ಮತ್ತು ಕಪ್ಪು ಕನ್ನಡಕ ತೆಗೆದು, ಮಡಿಸಿದ ಮಾನೂ ಮತ್ತು ಅದರ ಮೇಲೆ 500 ಅಥವಾ 1,000 ಫ್ರಾಂಕಿನ ನೋಟನ್ನು ಮುಂದಿಟ್ಟು ಮಾತಾಡಬೇಕು. ದನಿ ತಗ್ಗಿರಲಿ, ಕಣ್ಣು ನೆಟ್ಟು ನೋಡುವುದು ಬೇಡ. ಫ್ರೆಂಚ್ ಬಾರದಿದ್ದರೆ ನಾಲ್ಕು ಸಾಲು ಬರೆದುಕೊಂಡು ಓದಿದರೂ ನಡೆಯುತ್ತದೆ. ಮೊದಲ ಸಾಲನ್ನು ಕನ್ನಡದಲ್ಲಿ ಹೇಳಿದರೆ ಇನ್ನೂ ಒಳ್ಳೆಯದು, ಸ್ವಂತ ಭಾಷೆಯುಳ್ಳ ಜನಕ್ಕೆ ಅದರ ಬೆಲೆ ಗೊತ್ತಿರುತ್ತದೆ. ಆ ಬಳಿಕ ಹಿರಿಯರು ಉತ್ತರ ಕೊಡುತ್ತಾರೆ. ಅವರು ಬಟ್ಟೆಯನ್ನು ಎತ್ತಿಕೊಂಡರೆ ನಿಮ್ಮನ್ನು ಒಳಗೆ ಕರೆದುಕೊಂಡಂತೆ. ಅಲ್ಲಿಂದ ಮುಂದೆ ಯಾವ ಬಂಡೆ ಹತ್ತಬಾರದು, ಯಾವ ಕಾಡಿಗೆ ಹೋಗಬಾರದು, ಎಲ್ಲಿ ಫೋಟೊ ತೆಗೆಯಬಾರದು ಎಂಬುದನ್ನು ಅವರೇ ಹೇಳುತ್ತಾರೆ, ಹೇಳಿದ್ದನ್ನು ಪ್ರಶ್ನಿಸದೆ ಪಾಲಿಸಬೇಕು. ಹೊಳೆಯಲ್ಲಾಗಲಿ ಕಡಲಲ್ಲಾಗಲಿ ಈಜುವಾಗ ಮೈಮುಚ್ಚುವ ಬಟ್ಟೆ ತೊಡುವುದು ಊರಿನ ಮರ್ಯಾದೆ. ಈ ವಿಷಯದಲ್ಲಿ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ.

ಲಾಯಲ್ಟಿ ದ್ವೀಪಗಳಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಲಿಫೂವನ್ನು ಹೇಳುತ್ತೇನೆ. ಝೋಕಿನ್ ಬಂಡೆಗಳ ಕೆಳಗಿನ ನೀಲಿ ನೀರು, ವೆನಿಲ್ಲಾ ತೋಟಗಳು, ಈಝೋದ ಗುಡ್ಡದ ಮೇಲಿನ ಪುಟ್ಟ ಇಗರ್ಜಿ ಎಲ್ಲವೂ ಒಂದು ದಿನದ ಓಡಾಟದಲ್ಲಿ ಸಿಗುತ್ತವೆ. ಅಲ್ಲಿಯ ಭಾಷೆ ದ್ರೆಹು. ನಮಸ್ಕಾರಕ್ಕೆ 'ಬೋಝು', ಕೃತಜ್ಞತೆಗೆ 'ಒಲೆತಿ' ಎನ್ನಬೇಕು. ಉವೆಯಾದಲ್ಲಿ ಸುಮಾರು 25 ಕಿಲೋಮೀಟರ್ ಉದ್ದದ ಬಿಳಿ ಮರಳಿನ ದಂಡೆ ಇದೆ. ಅಲ್ಲಿಯೇ 1988ರಲ್ಲಿ ಒತ್ತೆಯಾಳುಗಳ ಪ್ರಕರಣದ ಕೊನೆಗೆ ನಡೆದ ಸೇನಾ ದಾಳಿಯಲ್ಲಿ 19 ಕನಕರು ಸತ್ತರು. ಅವರ ಸ್ಮಾರಕ ರಸ್ತೆಯ ಬದಿಯಲ್ಲಿಯೇ ಇರುವುದರಿಂದ, ಅದರ ಮುಂದೆ ನಗುತ್ತ ಸೆಲ್ಫಿ ತೆಗೆದುಕೊಳ್ಳುವ ಅಚಾತುರ್ಯ ನಡೆಯದಂತೆ ನೋಡಿಕೊಳ್ಳಬೇಕು. ಭಾನುವಾರ ಪ್ರಾರ್ಥನೆಯ ದಿನ, ಅಂಗಡಿಗಳು ಮುಚ್ಚಿರುತ್ತವೆ. ಅವಕಾಶ ಸಿಕ್ಕರೆ ಹೆಂಗಸರ ಕ್ರಿಕೆಟ್ ನೋಡಬೇಕು. ಇಂಗ್ಲಿಷ್ ಮಿಷನರಿಗಳು ಕಲಿಸಿದ ಈ ಆಟವನ್ನು ಕನಕ್ ಹೆಂಗಸರು ಬಣ್ಣಬಣ್ಣದ ಸಡಿಲ ನಿಲುವಂಗಿ ತೊಟ್ಟು, ತಮ್ಮದೇ ನಿಯಮಗಳಲ್ಲಿ, ಸೀಟಿ ಹಾಡುಗಳ ಗದ್ದಲದ ನಡುವೆ ಆಡುತ್ತಾರೆ. ಫ್ರೆಂಚರಿಗೆ ಅರ್ಥವಾಗದ ಆಟವನ್ನು ನೀವು ಅರ್ಥಮಾಡಿಕೊಂಡು ಚಪ್ಪಾಳೆ ತಟ್ಟಿದರೆ ಪರಿಚಯಕ್ಕೆ ಬೇರೆ ದಾರಿ ಬೇಡ.

ಪೈನ್ ದ್ವೀಪದ ಕನಕ್ ಹೆಸರು ಕುನಿಯೆ. ಉಪಿ ಕೊಲ್ಲಿಯಲ್ಲಿ ಹಾಯಿದೋಣಿ ಹತ್ತಿ, ಆಮೇಲೆ ಕಾಡಿನಲ್ಲಿ ನಡೆದು ಓರೋದ ನೈಸರ್ಗಿಕ ಕೊಳ ಮುಟ್ಟಬಹುದು. ಬಂಡೆಗಳು ಅಲೆಯನ್ನು ತಡೆಯುವುದರಿಂದ ನೀರು ಕನ್ನಡಿಯಂತಿರುತ್ತದೆ. ಕಾನುಮೆರಾ ಕೊಲ್ಲಿಯ ನಡುವಿನ ಬಂಡೆ ಪವಿತ್ರವಾದುದು, ಹತ್ತಬಾರದು. ಕಮ್ಯೂನಿನ ಗಡಿಪಾರಾದವರ ಸಮಾಧಿಗಳು ಮತ್ತು ಹಳೆಯ ಜೈಲಿನ ಗೋಡೆಗಳು ಇದೇ ದ್ವೀಪದಲ್ಲಿವೆ. ದ್ವೀಪಗಳಿಗೆ ವಿಮಾನವೂ ಇದೆ, ವೇಗದ ಹಡಗೂ ಇದೆ. ಒಳನಾಡಿನ ವಿಮಾನ ನಗರದೊಳಗಿನ ಮಜೆಂತಾದಿಂದ ಹೊರಡುತ್ತದೆಯೋ ದೂರದ ತೊಂತೂತಾದಿಂದಲೋ ಎಂಬುದನ್ನು ಟಿಕೆಟ್ಟಿನಲ್ಲಿ ಎರಡು ಸಲ ಓದಿಕೊಳ್ಳಬೇಕು.

ಊಟದಲ್ಲಿ ಮುಖ್ಯವಾದುದು 'ಬೂನ್ಯಾ'. ಹೆಗ್ಗೆಣಸು, ಕೆಸುವಿನ ಗಡ್ಡೆ, ಗೆಣಸು, ಬಾಳೆಕಾಯಿಗಳನ್ನು ಕೋಳಿ ಅಥವಾ ಮೀನಿನ ಜೊತೆ ತೆಂಗಿನ ಹಾಲಿನಲ್ಲಿ ನೆನೆಸಿ, ಬಾಳೆ ಎಲೆಯಲ್ಲಿ ಕಟ್ಟಿ, ಕಾದ ಕಲ್ಲುಗಳ ನಡುವೆ ಗಂಟೆಗಟ್ಟಲೆ ಬೇಯಿಸುತ್ತಾರೆ. ಹೊಲದಲ್ಲಿ ಕುಂಪಟಿ ಹಾಕಿ ಸೀತನಿ ಸುಟ್ಟು ತಿಂದವರಿಗೆ ಆ ಹೊಗೆಯ ವಾಸನೆ ನಾಲಿಗೆಗೆ ಕೂಡಲೇ ಹತ್ತುತ್ತದೆ. ಒಂದು ದಿನ ಮೊದಲೇ ಹೇಳಿಡಬೇಕು, ಸಸ್ಯಾಹಾರಿಗಳು ಆಗಲೇ ಕೋಳಿ ಮೀನು ಬೇಡವೆಂದು ತಿಳಿಸಬೇಕು. 'ಸಾಂ ವಿಯಾಂದ್, ಸಾಂ ಪ್ವಾಸೋಂ', ಅಂದರೆ ಮಾಂಸವಿಲ್ಲದೆ, ಮೀನಿಲ್ಲದೆ, ಎಂಬ ಮಾತು ನಾಲಿಗೆಯ ತುದಿಯಲ್ಲಿರಲಿ. ಉಳಿದ ದಿನಗಳಲ್ಲಿ ಅಡಿಗೆಮನೆ ಇರುವ ಕೋಣೆ ಹಿಡಿದು, ಅಂಗಡಿಯಿಂದ ಅಕ್ಕಿ, ಮಸೂರ ಬೇಳೆ, ಕಡಲೆ ಕೊಂಡು ಬೇಯಿಸಿಕೊಳ್ಳುವುದು ಹೊಟ್ಟೆಗೂ ಕಿಸೆಗೂ ಹಿತ. ವಿಯೆಟ್ನಾಮೀ ಅಂಗಡಿಗಳಲ್ಲಿ ತೋಫು ಸಿಗುತ್ತದೆ. ನೂಮೆಯಾದ ನಲ್ಲಿ ನೀರು ಕುಡಿಯಬಹುದು.

ಭೀಮೆ, ಕಾಗಿಣೆಗಳ ದಂಡೆಯವರಾದ ನಮಗೆ ಸಮುದ್ರದ ಪರಿಚಯ ಕಡಿಮೆ ಎಂಬುದನ್ನು ಒಪ್ಪಿಕೊಂಡೇ ನೀರಿಗಿಳಿಯಬೇಕು. ಈ ದ್ವೀಪಗಳನ್ನು ಸುತ್ತಿರುವ ಸುಮಾರು 1,600 ಕಿಲೋಮೀಟರಿನ ಹವಳದ ತಡೆಗೋಡೆ ಮತ್ತು ಅದರ ಒಳಗಿನ ಶಾಂತ ಕಡಲು 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಒಳಕಡಲಿನಲ್ಲಿ ಅಲೆ ಕಡಿಮೆಯಾದರೂ ಸೆಳೆತ ಇಲ್ಲವೆಂದಲ್ಲ; ಈಜು ಬಾರದವರು ಲೈಫ್ ಜಾಕೆಟ್ ಇಲ್ಲದೆ ಎದೆಮಟ್ಟದ ನೀರಿಗೂ ಹೋಗುವುದು ಬೇಡ. ಶಾರ್ಕ್ ದಾಳಿಗಳ ಕಾರಣ ನೂಮೆಯಾದ ಕೆಲವು ದಂಡೆಗಳಲ್ಲಿ ಈಜುವುದನ್ನು ನಿಷೇಧಿಸಿದ್ದುಂಟು, ಆದ್ದರಿಂದ ಫಲಕ ಓದಿ ಅಥವಾ ಕೇಳಿ ಇಳಿಯಬೇಕು. ಕಪ್ಪು ಪಟ್ಟೆಯ ಕಡಲ ಹಾವು ದಂಡೆಗೂ ಬರುತ್ತದೆ; ವಿಷವಿದ್ದರೂ ಅದು ಸಾಧು, ಸುಮ್ಮನೆ ಬಿಟ್ಟರೆ ಹೋಗುತ್ತದೆ. ಶಂಕುವಿನಾಕಾರದ ಚೆಂದದ ಚಿಪ್ಪನ್ನು ಮಕ್ಕಳು ಎತ್ತಿಕೊಳ್ಳದಂತೆ ನೋಡಬೇಕು, ಒಳಗಿನ ಜೀವಿಯ ಚುಚ್ಚು ಪ್ರಾಣಕ್ಕೇ ಬರಬಹುದು. ಹವಳವನ್ನು ತುಳಿಯಬಾರದು, ಮುರಿದು ತರಬಾರದು.

ಕಾರು ಬಾಡಿಗೆ ಹಿಡಿಯುವವರು ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡಿರಬೇಕು. ಅಲ್ಲಿ ರಸ್ತೆಯ ಬಲಬದಿಯ ಸಂಚಾರ. ರಿವಿಯೆರ್ ಬ್ಲೂ ಉದ್ಯಾನದಲ್ಲಿ ಕಾಗು ಎಂಬ ಬೂದುಬಣ್ಣದ, ಹಾರಲಾರದ, ನಾಯಿಯಂತೆ ಬೊಗಳುವ ಹಕ್ಕಿಯನ್ನು ನೋಡಬಹುದು. ಪೂರ್ವ ತೀರದ ಇಯೆಂಗೆನ್‌ಗೆ ನೂಮೆಯಾದಿಂದ ಬಹಳ ದೂರದ ದಾರಿ, ರಾತ್ರಿ ಓಡಿಸಬಾರದು.

ಹನ್ನೆರಡು ದಿನ ಇದ್ದರೆ ನಗರಕ್ಕೆ ಎರಡು, ಲಿಫೂವಿಗೆ ನಾಲ್ಕು, ಪೈನ್ ದ್ವೀಪಕ್ಕೆ ಮೂರು, ಉಳಿದದ್ದು ಗ್ರಾಂದ್ ತೆರ್‌ಗೆ ಎಂದು ಹಂಚಿಕೊಳ್ಳಬಹುದು. ಊರು ಬಿಡುವ ದಿನ ಹಣ ಎಣಿಸಿ ಕೊಟ್ಟು ಹೊರಟುಬಿಡಬಾರದು. ಬರುವಾಗಿನಂತೆ ಹೋಗುವಾಗಲೂ ಒಂದು ಸಣ್ಣ ಕುತ್ಯೂಮ್ ಇರುತ್ತದೆ. ಮಾನೂ ಎರಡು ಹೆಚ್ಚು ಕೊಂಡಿಡಿ ಎಂದದ್ದು ಇದಕ್ಕೇ. ಮನೆಯಿಂದ ತಂದ ಒಂದು ಗುಳೇದಗುಡ್ಡದ ಖಣ ಇದ್ದರೆ ಅದನ್ನು ಆ ಮನೆಯ ಹಿರಿಯ ಹೆಂಗಸಿಗೆ ಈ ಹೊತ್ತಿಗೇ ಕೊಡಬೇಕು, ಎರಡೂ ಕೈಯಲ್ಲಿ.